ಐದು ಶಾಲು, ನಲವತ್ತು ಜನ: ಈ ಸಲದ ಸನ್ಮಾನ ಯಾರಿಗೆ?

ಕಟಪಾಡಿ ಸಿಗ್ನಲ್ಸ್ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ಜುಲೈ 26, ಕಾರ್ಗಿಲ್ ವಿಜಯ ದಿನ, ಹತ್ತಿರ ಬಂತು. ಬೆಳಿಗ್ಗೆ ಉಡುಪಿ ಅಜ್ಜರಕಾಡಿನ ಹುತಾತ್ಮರ ಸ್ಮಾರಕದಲ್ಲಿ ಹೂ ಇಟ್ಟು ಬಂದ ಮೇಲೆ ನಮ್ಮ ಮಾಜಿ ಸೈನಿಕರ ಸಂಘದ ಸಣ್ಣ ಕಾರ್ಯಕ್ರಮ ಇರುತ್ತದೆ, ಗೊತ್ತಲ್ಲ. ಈ ಸಲ ಒಬ್ಬ ದಾನಿಗಳು ಐದು ಜನರಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ, ಸ್ಮರಣಿಕೆ ಎಲ್ಲ ನನ್ನ ಲೆಕ್ಕ ಅಂದಿದ್ದಾರೆ. ಸಂಘದಲ್ಲಿ ನಾವು ನಲವತ್ತು ಚಿಲ್ಲರೆ ಜನ. ಐದು ಶಾಲು ಯಾರ ಹೆಗಲಿಗೆ?

ಕಳೆದ ವರ್ಷ ಸುಲಭದ ದಾರಿ ಹಿಡಿದೆವು. ಪದಕ ಜಾಸ್ತಿ ಇದ್ದವರಿಗೆ ಅಂತ ತೀರ್ಮಾನ ಆಯಿತು. ನಿರೂಪಣೆ ಮಾಡುವ ಹುಡುಗಿ ನನ್ನ ಎದೆ ನೋಡಿ, ಒಂದು ಎರಡು ಮೂರು ಅಂತ ಎಣಿಸಿ, ಮೈಕಿನಲ್ಲಿ "ಏಳು ಪದಕಗಳನ್ನು ಗೆದ್ದ ವೀರಯೋಧರು" ಅಂದುಬಿಟ್ಟಳು. ಚಪ್ಪಾಳೆಯೋ ಚಪ್ಪಾಳೆ. ನನಗೆ ಕುರ್ಚಿಯ ಅಡಿಗೆ ಹೋಗಿ ಕೂರುವ ಅನ್ನಿಸಿತು. ಆ ಏಳರ ಕಥೆ ಹೇಳ್ತೇನೆ ಕೇಳಿ. ಒಂದು 9 ವರ್ಷ ಸರ್ವಿಸ್ ಆದದ್ದಕ್ಕೆ. ಇನ್ನೊಂದು 20 ವರ್ಷ ಆದದ್ದಕ್ಕೆ. ಒಂದು ಸ್ವಾತಂತ್ರ್ಯಕ್ಕೆ 50 ತುಂಬಿದಾಗ ಎಲ್ಲರಿಗೂ ಕೊಟ್ಟದ್ದು. ಒಂದು ಗಡಿ ಕಡೆ ಪೋಸ್ಟಿಂಗ್ ಇದ್ದದ್ದಕ್ಕೆ, ಒಂದು ಎತ್ತರದ ಜಾಗದಲ್ಲಿ ಉಸಿರು ಹಿಡಿದು ಬದುಕಿದ್ದಕ್ಕೆ. ಗಡಿಗೆ ಸೇನೆ ಕಳಿಸಿದ ಆಪರೇಷನ್ ಪರಾಕ್ರಮ್ ಕಾಲದ್ದು ಒಂದು. ಕಾರ್ಗಿಲ್ ಸಮಯದ್ದು ಒಂದು, ಅದು ಕೂಡ ವಿಜಯ್ ಮೆಡಲ್, ವಿಜಯ್ ಸ್ಟಾರ್ ಅಲ್ಲ. ಸ್ಟಾರ್ ಅಂದರೆ ಮೇಲೆ ಶೆಲ್ ಬೀಳುವ ಜಾಗದಲ್ಲಿ ಇದ್ದವರಿಗೆ. ನಾನು ಹಿಂದೆ ಇದ್ದೆ, ಕೇಬಲ್ ನೋಡಿಕೊಂಡು. ಏಳರಲ್ಲಿ ಗೆದ್ದದ್ದು ಸೊನ್ನೆ. ಎಲ್ಲ ಸಿಕ್ಕಿದ್ದು.

ಅದೇ ಸಭೆಯ ಕೊನೇ ಸಾಲಿನಲ್ಲಿ ಒಬ್ಬರು ಕೂತಿದ್ದರು. ಸೇನೆಯಲ್ಲಿ ಲಾರಿ ಡ್ರೈವರ್ ಆಗಿದ್ದವರು. ಹದಿನೇಳು ವರ್ಷಕ್ಕೆ ಪೆನ್ಶನ್ ಬಂದರು, ಹಾಗಾಗಿ ಎದೆಯಲ್ಲಿ ನನಗಿಂತ ಎರಡು ಕಮ್ಮಿ. ಆದರೆ ಅದರಲ್ಲಿ ಸ್ಟಾರ್ ಉಂಟು. 1999ರಲ್ಲಿ ದ್ರಾಸ್ ರಸ್ತೆಯಲ್ಲಿ ರಾತ್ರಿ ಲೈಟ್ ಹಾಕದೆ ಮದ್ದುಗುಂಡು ಹೊತ್ತವರು. ಅವರು ಪಲಾವ್ ತಿಂದು, ಕೈ ತೊಳೆದು, ನಾಲ್ಕೂವರೆಯ ಬಸ್ಸು ಹಿಡಿದು ಹೋದರು. ಶಾಲು ನನ್ನ ಕಪಾಟಿನಲ್ಲಿ ಇನ್ನೂ ಪ್ಲಾಸ್ಟಿಕ್ಕಿನಲ್ಲೇ ಉಂಟು.

ಈ ಸಲ ಹಾಗೆ ಆಗಬಾರದು. ದಾರಿ ಹೇಳಿ.

ಪಡುಬಿದ್ರಿ ತಂಬಿ

ಊಟಕ್ಕೆ ಎಂತ ಉಂಟು ಅಂತ ಮೊದಲು ಹೇಳಿ ಸರ್. ಆಮೇಲೆ ಸಲಹೆ ಕೊಡುವ.

ಮಣಿಪಾಲ ಎಚ್ಆರ್

ನಾನು ಸೈನಿಕನಲ್ಲ, ಅಪ್ಪ ಆಗಿದ್ದರು. ಕಂಪನಿಯಲ್ಲಿ ವರ್ಷ ವರ್ಷ ಇದೇ ಕೆಲಸ ನನ್ನದು, ಯಾರಿಗೆ ಎಷ್ಟು ರೇಟಿಂಗ್ ಅಂತ. ಒಂದು ಶೀಟ್ ಮಾಡಿ. ಸರ್ವಿಸಿಗೆ 20 ಅಂಕ, ಕಷ್ಟದ ಪೋಸ್ಟಿಂಗಿಗೆ 30, ಶೌರ್ಯಕ್ಕೆ 40, ಶಿಸ್ತಿಗೆ 10. ಒಟ್ಟು ನೂರು. ಮೇಲಿನ ಐದು ಜನರಿಗೆ ಶಾಲು. ಯಾರೂ ಬಾಯಿ ಬಿಡುವ ಹಾಗಿಲ್ಲ.

ಸುರತ್ಕಲ್ ನೇವಿ

ಶೌರ್ಯಕ್ಕೆ 40ರಲ್ಲಿ 27 ಹಾಕುವವರು ಯಾರು ಮಾರಾಯ್ರೆ? ನೀವಾ?

ಮಣಿಪಾಲ ಎಚ್ಆರ್

ಸರಿ, ಅದು ಸ್ವಲ್ಪ ಕಷ್ಟ. ಒಪ್ಪಿದೆ.

ನಿವೃತ್ತ ಮೇಜರ್, ಬಿಜೈ

ಸೇನೆ ಹೇಗೆ ಮಾಡುತ್ತದೆ ಅಂತ ಮೊದಲು ಗೊತ್ತಿರಲಿ. ಶತ್ರುವಿನ ಎದುರು ತೋರಿಸಿದ ಶೌರ್ಯಕ್ಕೆ ಪರಮವೀರ, ಮಹಾವೀರ, ವೀರಚಕ್ರ. ಈ ಮೂರನ್ನೂ 1950ರ ಜನವರಿ 26ರಂದು ಶುರು ಮಾಡಿದರು, ಆದರೆ ಲೆಕ್ಕ 1947ರ ಆಗಸ್ಟ್ 15ರಿಂದ. ಯುದ್ಧಭೂಮಿಯ ಹೊರಗಿನ ಶೌರ್ಯಕ್ಕೆ ಅಶೋಕ, ಕೀರ್ತಿ, ಶೌರ್ಯ ಚಕ್ರ. ಮೊದಲು ಇವು ಅಶೋಕ ಚಕ್ರದ ಒಂದು, ಎರಡು, ಮೂರನೇ ದರ್ಜೆ ಆಗಿದ್ದವು, ಈಗಿನ ಹೆಸರು 1967ರಿಂದ. ಇವೆಲ್ಲದರ ಕೆಳಗೆ ಸೇನಾ ಮೆಡಲ್. ಇನ್ನೊಂದು ಸಾಲು ವಿಶಿಷ್ಟ ಸೇವೆಯದ್ದು, ಪರಮ ವಿಶಿಷ್ಟ, ಅತಿ ವಿಶಿಷ್ಟ, ವಿಶಿಷ್ಟ ಸೇವಾ ಮೆಡಲ್. ಶೌರ್ಯ ಬೇರೆ, ಸೇವೆ ಬೇರೆ. ಇದನ್ನು ಕಲಸುಮೇಲೋಗರ ಮಾಡಿದರೆ ಎರಡಕ್ಕೂ ಅವಮಾನ.

ಹೆಸರು ಹೋಗುವ ದಾರಿಯೂ ಉದ್ದ. ಯೂನಿಟ್ಟಿನ ಸಿ.ಓ., ಅಂದರೆ ಕಮಾಂಡಿಂಗ್ ಆಫೀಸರ್, ಸೈಟೇಶನ್ (ಯಾರು ಏನು ಮಾಡಿದರು ಅಂತ ಹೇಳುವ ಶಿಫಾರಸು) ಬರೆದು ಕಳಿಸಬೇಕು. ಬ್ರಿಗೇಡ್, ಡಿವಿಷನ್, ಕೋರ್, ಕಮಾಂಡ್, ಸೇನಾ ಮುಖ್ಯಾಲಯ, ರಕ್ಷಣಾ ಸಚಿವಾಲಯ, ಕೊನೆಗೆ ರಾಷ್ಟ್ರಪತಿ. ಒಂದೊಂದು ಮೆಟ್ಟಿಲಲ್ಲೂ ಜರಡಿ. ಜರಡಿ ಬೇಕೇ ಬೇಕು. ಇಲ್ಲದಿದ್ದರೆ ಎಂತ ಆಗುತ್ತದೆ ಅಂತ 2003ರಲ್ಲಿ ಅಸ್ಸಾಮಿನಲ್ಲಿ ನೋಡಿದ್ದೇವೆ. ಜೀವಂತ ಜನರ ಮೇಲೆ ಟೊಮೆಟೊ ಕೆಚಪ್ ಚೆಲ್ಲಿ, ಸತ್ತ ಉಗ್ರರು ಅಂತ ಫೋಟೋ ತೆಗೆದು ಮೇಲೆ ಕಳಿಸಿದ ಕರ್ನಲ್‌ ಒಬ್ಬರ ಕಥೆ. ಕೋರ್ಟ್ ಮಾರ್ಷಲ್ ಆಗಿ ಮನೆಗೆ ಹೋದರು.

ಸುರತ್ಕಲ್ ನೇವಿ

ಮೇಜರ್ ಸಾಹೇಬರೇ, ನಿಮ್ಮ ಎರಡು ಸಾಲಿನ ಬಗ್ಗೆ ಒಂದು ಪ್ರಶ್ನೆ. ಗೌರವದ ಕ್ರಮದಲ್ಲಿ ಮಹಾವೀರ ಚಕ್ರ ಮೇಲೆಯೋ, ಪರಮ ವಿಶಿಷ್ಟ ಸೇವಾ ಮೆಡಲ್ ಮೇಲೆಯೋ? ನನಗೆ ಉತ್ತರ ಗೊತ್ತುಂಟು. ನಿಮ್ಮ ಬಾಯಲ್ಲಿ ಕೇಳಬೇಕು.

ನಿವೃತ್ತ ಮೇಜರ್, ಬಿಜೈ

ಪರಮ ವಿಶಿಷ್ಟ ಸೇವಾ ಮೆಡಲ್ ಮೇಲೆ.

ಸುರತ್ಕಲ್ ನೇವಿ

ಅದು ಹೆಚ್ಚಾಗಿ ಯಾರಿಗೆ ಬರುತ್ತದೆ?

ನಿವೃತ್ತ ಮೇಜರ್, ಬಿಜೈ

ಲೆಫ್ಟಿನೆಂಟ್ ಜನರಲ್ ದರ್ಜೆಯವರಿಗೆ. ನೀವು ಎಲ್ಲಿಗೆ ಬರ್ತಾ ಇದ್ದೀರಿ ಅಂತ ಗೊತ್ತಾಯಿತು. ಸಾವಿರಾರು ಜನರ ಪ್ರಾಣದ ಹೊಣೆ ನಲವತ್ತು ವರ್ಷ ಹೊತ್ತವರ ಸೇವೆಗೆ ಬೆಲೆ ಇಲ್ಲ ಅಂತೀರಾ?

ಸುರತ್ಕಲ್ ನೇವಿ

ಬೆಲೆ ಇಲ್ಲ ಅಂತ ನಾನೆಲ್ಲಿ ಅಂದೆ? ಕೊಡಲಿ. ಆದರೆ ಗುಂಡಿನ ಮಳೆಗೆ ಎದೆ ಕೊಟ್ಟ ಸಿಪಾಯಿಯ ಮಹಾವೀರ ಚಕ್ರ ಅದರ ಕೆಳಗೆ ಯಾಕೆ ಅಂತ ಕೇಳಿದೆ ಅಷ್ಟೆ. ಜನರಲ್ ಆದವರಿಗೆ ಸಿಪಾಯಿಯ ಸಾಲಿಗೂ ಬರುವ ದಾರಿ ಇತ್ತು, ಹಿಂದೆ ಅವರೂ ಲೆಫ್ಟಿನೆಂಟ್ ಆಗಿದ್ದವರೇ. ಸಿಪಾಯಿಗೆ ಆ ಇನ್ನೊಂದು ಸಾಲಿನ ಗೇಟು ತೆರೆಯುವುದೇ ಅಪರೂಪ ಅಲ್ವಾ?

ನಮ್ಮ ನೇವಿಯದ್ದು ಬೇರೆ ಕಥೆ. ಇವತ್ತಿನವರೆಗೆ 21 ಪರಮವೀರ ಚಕ್ರ. 20 ಭೂಸೇನೆಗೆ, 1 ವಾಯುಸೇನೆಗೆ, ನಮಗೆ ಸೊನ್ನೆ. 1971ರ ಡಿಸೆಂಬರ್ 9ರ ರಾತ್ರಿ ಖುಕ್ರಿ ಹಡಗು ಮುಳುಗಿದಾಗ ಕ್ಯಾಪ್ಟನ್ ಮುಲ್ಲಾ ಹಡಗಿನ ಜೊತೆಗೇ ಹೋದರು. ಅವರಿಗೆ ಮಹಾವೀರ ಚಕ್ರ. ಸರಿಯೇ. ಆದರೆ ಅವರೂ ಸೇರಿ ಆ ರಾತ್ರಿ ಮುಳುಗಿದ್ದು 18 ಅಧಿಕಾರಿಗಳು, 176 ನಾವಿಕರು. ಉಳಿದವರು? ಕೆಳಗೆ ಎಂಜಿನ್ ರೂಮಿನಲ್ಲಿ ಇದ್ದವನು ಕೊನೇ ನಿಮಿಷದಲ್ಲಿ ಎಂತ ಮಾಡಿದ ಅಂತ ಮೇಲೆ ಬಂದು ಹೇಳುವವರು ಯಾರೂ ಇಲ್ಲ. ಹಡಗಿನಲ್ಲಿ ಒಬ್ಬನ ಕೆಲಸ ಅಂತ ಇರುವುದಿಲ್ಲ. ಒಂದು ವಾಲ್ವ್ ಸರಿ ಮುಚ್ಚದಿದ್ದರೆ ಎಲ್ಲರೂ ಹೋಗ್ತೇವೆ.

ಹತ್ತಿರದ್ದೇ ಬೇಕಾದರೆ ಮಲ್ಪೆಯ ಸುವರ್ಣ ತ್ರಿಭುಜ ಬೋಟು ನೆನಪುಂಟಲ್ಲ? 2018ರ ಡಿಸೆಂಬರಿನಲ್ಲಿ ಏಳು ಜನ ಮೀನುಗಾರರ ಜೊತೆ ಕಾಣೆ ಆಯಿತು. ಮರು ವರ್ಷ ಮೇ ತಿಂಗಳಲ್ಲಿ ಕಡಲಿನ ತಳದಲ್ಲಿ ಅವಶೇಷ ಹುಡುಕಿ ಕೊಟ್ಟದ್ದು ನೇವಿಯ ನಿರೀಕ್ಷಕ್ ಹಡಗು. ಮುಳುಗುಗಾರರನ್ನು ಇಳಿಸಲೆಂದೇ ಇರುವ ಹಡಗು ಅದು. ಆ ಏಳು ಮನೆಗಳಿಗೆ ಒಂದು ಉತ್ತರವಾದರೂ ಸಿಕ್ಕಿತು. ಆ ಹಡಗಿನಲ್ಲಿ ಇದ್ದವರಲ್ಲಿ ಒಬ್ಬನ ಹೆಸರಾದರೂ ಉಡುಪಿಯಲ್ಲಿ ಯಾರಿಗಾದರೂ ಗೊತ್ತುಂಟಾ?

ಬಜ್ಪೆಯ ಮಡಿಕೇರಿ ಅಳಿಯ

ಹೇಳುವವರು ಇಲ್ಲ ಅಂದಿರಲ್ಲ, ಅದಕ್ಕೆ ನಮ್ಮ ಮಾವನ ಊರಿನದ್ದೊಂದು. ಮಡಿಕೇರಿಗೆ ಹೋದವರಿಗೆ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ವೃತ್ತ ಗೊತ್ತಿರುತ್ತದೆ. 1965ರ ಸೆಪ್ಟೆಂಬರ್ 7, ಪಾಕಿಸ್ತಾನದ ಸರ್ಗೋಧ ವಾಯುನೆಲೆಯ ಮೇಲೆ ದಾಳಿ. ದೇವಯ್ಯ ಅವರದ್ದು ಮಿಸ್ಟೇರ್ ವಿಮಾನ, ಅವತ್ತು ಅವರು ಕಾಯ್ದಿಟ್ಟ ಪೈಲಟ್ ಮಾತ್ರ. ಆದರೂ ಹೋದರು. ಹಿಂದೆ ಬಿದ್ದದ್ದು ಪಾಕಿಸ್ತಾನದ ಸ್ಟಾರ್‌ಫೈಟರ್, ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರುವಂಥದ್ದು. ಇವರದ್ದು ಅದರ ಅರ್ಧವೂ ಇಲ್ಲ. ಪೆಟ್ಟು ತಿಂದ ವಿಮಾನದಲ್ಲೇ ತಿರುಗಿ ನಿಂತು ಅದನ್ನು ಹೊಡೆದು ಕೆಡವಿದರು. ತಾವೂ ಅಲ್ಲೇ ಬಿದ್ದರು.

ನಮ್ಮ ಕಡೆ ಇದನ್ನು ನೋಡಿದವರೇ ಇಲ್ಲ. ಹೋದವರು ಹಿಂದೆ ಬರಲಿಲ್ಲ ಅಂತ ಬರೆದು ಫೈಲು ಮುಚ್ಚಿತು. ವರ್ಷಗಳ ನಂತರ ಬ್ರಿಟಿಷ್ ಬರಹಗಾರರೊಬ್ಬರು ಆ ಯುದ್ಧದ ಬಗ್ಗೆ ಬರೆಯುವಾಗ ಆ ಕಡೆಯ ಮಾಹಿತಿಯಿಂದ ವಿಷಯ ಹೊರಗೆ ಬಂತು. ಮಹಾವೀರ ಚಕ್ರ ಕೊಟ್ಟದ್ದು 1988ರಲ್ಲಿ. 23 ವರ್ಷ! ಸಾಕ್ಷಿ ಹೇಳಿದ್ದು ಶತ್ರುವಿನ ಕಡೆ.

ನಿವೃತ್ತ ಮೇಜರ್, ಬಿಜೈ

ಇದು ಒಪ್ಪಲೇಬೇಕು. ಚೀನಾ ಯುದ್ಧದಲ್ಲಿ ಲಡಾಖಿನ ರೆಜಾಂಗ್ ಲಾ ಕೂಡ ಹಾಗೆಯೇ. 1962ರ ನವೆಂಬರ್ 18ರಂದು 13 ಕುಮಾವ್‌ನ ಒಂದು ತುಕಡಿ, ಸುಮಾರು 120 ಜನ, ಮೇಜರ್ ಶೈತಾನ್ ಸಿಂಗ್ ಜೊತೆ ಕೊನೇ ಗುಂಡಿನವರೆಗೆ ಹೋರಾಡಿದರು. ಬದುಕಿ ಬಂದ ಬೆರಳೆಣಿಕೆಯವರು ನಡೆದದ್ದನ್ನು ಹೇಳಿದಾಗ ಶುರುವಿನಲ್ಲಿ ನಂಬಿದವರು ಕಮ್ಮಿ. ಮುಂದಿನ ಫೆಬ್ರವರಿಯಲ್ಲಿ ಮಂಜಿನಲ್ಲಿ ಮೃತದೇಹಗಳು ಸಿಕ್ಕವು. ಕಂದಕದಲ್ಲಿ, ಕೈಯಲ್ಲಿ ಬಂದೂಕು ಹಾಗೇ ಇತ್ತು. ಆಮೇಲೆ ಪರಮವೀರ ಚಕ್ರ, ಎಂಟು ವೀರಚಕ್ರ.

ಕಾರ್ಕಳ ಗುಮಾಸ್ತ

ಎರಡು ದಿನದಿಂದ ಓದ್ತಾ ಇದ್ದೆ. ಬರೆಯುವುದೋ ಬೇಡವೋ ಅಂತ ಯೋಚನೆ. ನಾನು ಇನ್ಫೆಂಟ್ರಿ ಪಲ್ಟನ್ನಿನಲ್ಲಿ ಕ್ಲರ್ಕ್ ಆಗಿದ್ದೆ. ಯಾವುದು ಅಂತ ಕೇಳಬೇಡಿ. ನೀವೆಲ್ಲ ಸೈಟೇಶನ್ ಸೈಟೇಶನ್ ಅಂತೀರಲ್ಲ, ಅದನ್ನು ಟೈಪ್ ಮಾಡಿದ ಬೆರಳು ಇವು.

ಒಂದು ರಾತ್ರಿಯ ಕಥೆ ಹೇಳ್ತೇನೆ. ಕಾಶ್ಮೀರದಲ್ಲಿ ಒಂದು ಆಪರೇಷನ್ ಮುಗಿದಿತ್ತು. ಸಿ.ಓ. ಸಾಹೇಬರು ಬೆಳಿಗ್ಗೆ ಒಳಗೆ ನಾಲ್ಕು ಹೆಸರು ಬ್ರಿಗೇಡಿಗೆ ಹೋಗಬೇಕು ಅಂದರು. ಒಬ್ಬ ಲೆಫ್ಟಿನೆಂಟ್, ಒಬ್ಬ ಸೂಬೇದಾರ್ ಸಾಹೇಬರು, ಒಬ್ಬ ನಾಯಕ್ (ಸಿಪಾಯಿಗಿಂತ ಸ್ವಲ್ಪ ಮೇಲಿನ ದರ್ಜೆ), ಒಬ್ಬ ಸಿಪಾಯಿ. ಲೆಫ್ಟಿನೆಂಟ್ ಸಾಹೇಬರು ತಾವೇ ಒಂದೂವರೆ ಪುಟ ಬರೆದು ತಂದರು, ನಕ್ಷೆ ಸಮೇತ. ಎಷ್ಟು ಗಂಟೆಗೆ ಎಲ್ಲಿದ್ದರು, ಎಷ್ಟು ಮೀಟರ್ ತೆವಳಿದರು, ಗ್ರೆನೇಡ್ ಯಾವ ಕಿಟಕಿಗೆ ಹಾಕಿದರು, ಎಲ್ಲ ಉಂಟು. ಸುಳ್ಳಲ್ಲ, ಒಂದಕ್ಷರ ಸುಳ್ಳಿಲ್ಲ. ಒಳ್ಳೆ ಹುಡುಗ.

ಆಮೇಲೆ ನಾಯಕ್ ಬಂದ. ಅದೇ ನಾಲೆಯಲ್ಲಿ ಇವರಿಗಿಂತ ಹತ್ತು ಹೆಜ್ಜೆ ಮುಂದೆ ಇದ್ದವನು. ಏನಾಯ್ತು ಹೇಳು ಅಂದೆ. "ಸಾಬ್, ಉಧರ್ ಸೇ ಫೈರ್ ಆಯಾ. ಹಮ್‌ನೇ ಭೀ ಫೈರ್ ಕಿಯಾ. ಖತಂ." ಅಲ್ಲಿಂದ ಗುಂಡು ಬಂತು, ನಾವೂ ಹೊಡೆದೆವು, ಮುಗಿಯಿತು. ಅಷ್ಟೇ. ಮತ್ತೆ ಅಂದೆ. ಮತ್ತೆ ಎಂಥದೂ ಇಲ್ಲ ಸಾಬ್ ಅಂದ. ಅವನ ಎಡಗೈ ಮಣಿಕಟ್ಟಿನ ಮೇಲೆ ಬಟ್ಟೆ ಸುತ್ತಿತ್ತು. ಅದೆಂತ ಅಂತ ನಾನು ಕೇಳಲಿಲ್ಲ. ರಾತ್ರಿ ಹನ್ನೊಂದೂವರೆ ಆಗಿತ್ತು. ಕರೆಂಟು ಹೋಗಿ ಬಂದು ಮಾಡ್ತಾ ಇತ್ತು, ಪ್ರಿಂಟರ್ ಎರಡು ಸಲ ಕಾಗದ ನುಂಗಿತ್ತು. ನನಗೆ ಇನ್ನೂ ಎರಡು ಸೈಟೇಶನ್ ಬಾಕಿ. ಹಳೇ ಫೈಲಿನಿಂದ ನಾಲ್ಕು ಸಾಲು ತೆಗೆದೆ. ಪ್ರಾಣದ ಹಂಗು ತೊರೆದು, ಅಪ್ರತಿಮ ಸಾಹಸ ಮೆರೆದು, ಸೇನೆಯ ಉನ್ನತ ಪರಂಪರೆಗೆ ತಕ್ಕಂತೆ. ಆಯ್ತು, ಸಹಿ, ಲಕೋಟೆ.

ಲೆಫ್ಟಿನೆಂಟ್ ಸಾಹೇಬರಿಗೆ ಸೇನಾ ಮೆಡಲ್ ಬಂತು. ನಾಯಕನ ಹೆಸರು ಮೇಲೆ ಎಲ್ಲೋ ಬಿದ್ದುಹೋಯಿತು. ಬೀಳದೆ ಇರುತ್ತದಾ? ಮೇಲೆ ಕೂತವರಿಗೆ ನಾಲೆ ಕಾಣುವುದಿಲ್ಲ, ಕಾಗದ ಮಾತ್ರ ಕಾಣುವುದು. ನಾನು ಬರೆದ ಕಾಗದದಲ್ಲಿ ಮನುಷ್ಯನೇ ಇರಲಿಲ್ಲ.

ತಿಂಗಳ ನಂತರ ಪಲ್ಟನ್ನಿನ ಅಡುಗೆಮನೆಯಲ್ಲಿ ಚಹಾ ಕುಡಿಯುವಾಗ ಇನ್ನೊಬ್ಬ ಹೇಳಿದ. ಗಾಯ ಆಗಿ ಬಿದ್ದವನೊಬ್ಬನನ್ನು ಕಾಲರ್ ಹಿಡಿದು ಎಳೆಯುವಾಗ ನಾಯಕನ ಮಣಿಕಟ್ಟಿಗೆ ಚೂರು ಹೊಕ್ಕದ್ದಂತೆ. ನಾನು ಇನ್ನೂ ನಾಲ್ಕು ಪ್ರಶ್ನೆ ಕೇಳಬೇಕಿತ್ತು.

ಸುರತ್ಕಲ್ ನೇವಿ

ಗುಮಾಸ್ತರೇ, ನಿಮ್ಮ ತಪ್ಪು ಅಂತ ನಾನು ಹೇಳುವುದಿಲ್ಲ.

ಕಾರ್ಕಳ ಗುಮಾಸ್ತ

ನಾನು ಹೇಳ್ತೇನೆ.

ಅಗ್ನಿವೀರ ಆಗುವವ

ಸರ್, ನಾನು ಮುಂದಿನ ಸೇನಾ ಭರ್ತಿ ರ‍್ಯಾಲಿಗೆ ಓಡ್ತಾ ಇದ್ದೇನೆ, ದಿನಾ ಪಣಂಬೂರು ಬೀಚಿನಲ್ಲಿ. ಮೆಡಲ್ ಬಂದರೆ ದುಡ್ಡು ಎಷ್ಟು ಬರುತ್ತದೆ? ಯಾರೋ ಕೋಟಿ ಅಂದರು.

ನಿವೃತ್ತ ಮೇಜರ್, ಬಿಜೈ

ಕೇಂದ್ರದಿಂದ ಬರುವುದು ತಿಂಗಳ ಭತ್ಯೆ. 2017ರ ಆಗಸ್ಟಿನಿಂದ ಪರಮವೀರ ಚಕ್ರಕ್ಕೆ 20,000 ರೂಪಾಯಿ, ಅಶೋಕ ಚಕ್ರಕ್ಕೆ 12,000, ಮಹಾವೀರಕ್ಕೆ 10,000, ಕೀರ್ತಿಗೆ 9,000, ವೀರಚಕ್ರಕ್ಕೆ 7,000, ಶೌರ್ಯಕ್ಕೆ 6,000. ಸೇನಾ ಮೆಡಲಿಗೆ 2,000, ಅದೂ ಶೌರ್ಯಕ್ಕೆ ಬಂದಿದ್ದರೆ ಮಾತ್ರ. ಕರ್ತವ್ಯನಿಷ್ಠೆಗೆ ಬಂದ ಸೇನಾ ಮೆಡಲಿಗೆ ಏನೂ ಇಲ್ಲ. ಮೆಡಲ್ ಒಂದೇ, ರಿಬ್ಬನ್ ಒಂದೇ. ರಾಜ್ಯ ಸರ್ಕಾರಗಳು ಕೊಡುವುದು ಬೇರೆ, ಒಂದೊಂದು ರಾಜ್ಯಕ್ಕೆ ಒಂದೊಂದು ಲೆಕ್ಕ. ನೀನು ಓಡು, ದುಡ್ಡು ಎಣಿಸಬೇಡ.

ಅಗ್ನಿವೀರ ಆಗುವವ

2,000 ಅಂದರೆ ನನ್ನ ಬೈಕಿನ ಪೆಟ್ರೋಲು ಸರ್. ಓಡ್ತೇನೆ, ಓಡ್ತೇನೆ.

ಕುಂದಾಪ್ರದ ಮನೆಯವಳು

ನನ್ನ ಗಂಡ ಎಂಜಿನಿಯರ್ಸ್‌ನಲ್ಲಿ ಇದ್ದರು. ಸೇತುವೆ ಕಟ್ಟುವ ಕೆಲಸ. ಒಂದು ಮಳೆಗಾಲದಲ್ಲಿ ಈಶಾನ್ಯದ ಕಡೆ ಪ್ರವಾಹ ಬಂದು ಸೇತುವೆ ಕೊಚ್ಚಿಹೋಯಿತು. ಮೂರು ದಿನ ಸೊಂಟದ ಮಟ್ಟ ನೀರಲ್ಲಿ ನಿಂತು ಹೊಸತು ಜೋಡಿಸಿದರಂತೆ. ಸೇನಾ ಮೆಡಲಿಗೆ ಹೆಸರು ಹೋಗಿತ್ತು. ಬಂದದ್ದು ಕಮೆಂಡೇಶನ್ ಕಾರ್ಡ್, ಅಂದರೆ ಮೆಚ್ಚುಗೆ ಪತ್ರ. ಅದಕ್ಕೆ ಭತ್ಯೆ ಇಲ್ಲ, ಎದೆಗೆ ರಿಬ್ಬನ್ ಇಲ್ಲ, ಜೇಬಿಗೆ ಒಂದು ಸಣ್ಣ ಬ್ಯಾಡ್ಜ್. ನಾನು ಅದಕ್ಕೆ ಚೌಕಟ್ಟು ಹಾಕಿಸಿ ದೇವರ ಫೋಟೋದ ಪಕ್ಕ ನೇತು ಹಾಕಿದ್ದೆ. ನಮ್ಮ ಅತ್ತೆ ಬಂದವರಿಗೆಲ್ಲ ಇದು ರಾಷ್ಟ್ರಪತಿ ಕೊಟ್ಟದ್ದು ಅಂತ ಹೇಳ್ತಿದ್ದರು. ಇವರು ಅಲ್ಲ ಅಮ್ಮಾ ಅಂತ ಒಂದೆರಡು ಸಲ ಹೇಳಿ ಬಿಟ್ಟುಬಿಟ್ಟರು.

ಮನೆಯಲ್ಲಿ ಯಾರಿಗೂ ಬೇಜಾರು ಇರಲಿಲ್ಲ. ಆ ಕಾರ್ಡನ್ನು ಇವರು ಕೈಯಾರೆ ತಂದು ಕೊಟ್ಟಿದ್ದರಲ್ಲ, ಆಗ ನನಗೆ ಅಷ್ಟೇ ಸಾಕಿತ್ತು. 21 ಪರಮವೀರ ಚಕ್ರದಲ್ಲಿ 14 ಮರಣೋತ್ತರ ಅಂತ ಎಲ್ಲೋ ಓದಿದ್ದೆ. ಆ ಹದಿನಾಲ್ಕು ಮನೆಯಲ್ಲಿ ಅದನ್ನು ತೆಗೆದುಕೊಳ್ಳಲು ಹೋದವರು ಯಾರು ಅಂತ ಯೋಚನೆ ಮಾಡಿ.

ಬೇಜಾರಾದದ್ದು ಊರಲ್ಲಿ. ಒಂದು ಕಾರ್ಯಕ್ರಮಕ್ಕೆ ಕರೆದು, ಕಾರ್ಡ್ ಅಂತ ಗೊತ್ತಾದ ಮೇಲೆ ವೇದಿಕೆಯ ಕುರ್ಚಿಯಿಂದ ಕೆಳಗಿನ ಕುರ್ಚಿಗೆ ಕಳಿಸಿದರು. ಇನ್ನೊಬ್ಬರು "ದೊಡ್ಡ ಮೆಡಲಿನವರು" ಬಂದಿದ್ದರಂತೆ.

ಕಟಪಾಡಿ ಸಿಗ್ನಲ್ಸ್

ಅಕ್ಕಾ, ಅದು ನಮ್ಮ ಸಂಘ ಅಲ್ಲ ತಾನೇ?

ಕುಂದಾಪ್ರದ ಮನೆಯವಳು

ಅಲ್ಲ ಅಣ್ಣ. ಆದರೆ ನಿಮ್ಮ ಐದು ಶಾಲಿನ ಲೆಕ್ಕ ನೋಡಿದರೆ ನಾಳೆ ಆಗಲೂಬಹುದು.

ಬಲ್ಮಠದ ಟೀಚರ್

ಇದು ಓದಿ ಒಂದು ನೆನಪಾಯಿತು. ನಮ್ಮ ಶಾಲೆಗೆ ಒಬ್ಬ ನಿವೃತ್ತ ಯೋಧರನ್ನು ಕರೆದಿದ್ದೆವು. ಪ್ರಶ್ನೆ ಕೇಳಿ ಮಕ್ಕಳೇ ಅಂದರೆ ಮೊದಲ ಪ್ರಶ್ನೆಯೇ "ಎಷ್ಟು ಜನರನ್ನು ಕೊಂದಿದ್ದೀರಿ?" ಅವರ ಮುಖ ನೋಡಲಿಕ್ಕೆ ಆಗಲಿಲ್ಲ ನನಗೆ.

ಅಂದಿನಿಂದ ನಾನು ಮಕ್ಕಳಿಗೆ ರಾಮ ರಾಘೋಬಾ ರಾಣೆಯವರ ಕಥೆ ಹೇಳ್ತೇನೆ. ನಮ್ಮ ಕರಾವಳಿಯವರೇ, ಕಾರವಾರದ ಹತ್ತಿರ ಚೆಂಡಿಯಾ. ಪರಮವೀರ ಚಕ್ರವನ್ನು ಬದುಕಿದ್ದಾಗಲೇ ಪಡೆದ ಮೊದಲಿಗರಲ್ಲಿ ಒಬ್ಬರು. ಅವರಿಗೆ ಅದು ಬಂದದ್ದು ಕೊಂದದ್ದಕ್ಕಲ್ಲ, ರಸ್ತೆ ಬಿಡಿಸಿದ್ದಕ್ಕೆ. 1948ರ ಏಪ್ರಿಲ್, ನೌಶೇರಾದಿಂದ ರಜೌರಿಗೆ ಹೋಗುವ ದಾರಿ. ದಾರಿ ತುಂಬ ಮೈನು, ಕಡಿದು ಹಾಕಿದ ಮರ. ಮೇಲಿಂದ ಗುಂಡು. ರಾಣೆ ಟ್ಯಾಂಕಿನ ಹೊಟ್ಟೆಯ ಅಡಿಗೆ ನುಸುಳಿ ಅದರ ಜೊತೆಗೇ ತೆವಳಿದರು. ಒಳಗಿನ ಡ್ರೈವರಿಗೆ ನಿಲ್ಲು, ಹೊರಡು ಅಂತ ಹೇಳಲು ಹಗ್ಗ ಕಟ್ಟಿಕೊಂಡಿದ್ದರು. ಈ ಹಗ್ಗದ ವಿಷಯ ಬಂದಾಗ ತರಗತಿಯಲ್ಲಿ ಪಿನ್ ಬಿದ್ದರೂ ಕೇಳುತ್ತದೆ. ಎಷ್ಟು ಜನರನ್ನು ಕೊಂದರು ಅಂತ ಇವತ್ತಿನವರೆಗೆ ಒಂದು ಮಗುವೂ ಕೇಳಲಿಲ್ಲ. ಹಗ್ಗ ಎಷ್ಟು ಉದ್ದ ಇತ್ತು ಅಂತ ಕೇಳ್ತಾರೆ.

ನಿವೃತ್ತ ಮೇಜರ್, ಬಿಜೈ

ಟೀಚರ್ ಹೇಳಿದ್ದು ಚೆನ್ನಾಗಿದೆ. ಗುಮಾಸ್ತರ ಮಾತಿಗೆ ಒಂದು ಸೇರಿಸುತ್ತೇನೆ. ಕಾಗದದ ತೊಂದರೆ ಸಿಪಾಯಿಗೆ ಮಾತ್ರ ಅಲ್ಲ. ಕಾರ್ಗಿಲ್ ಸಮಯದಲ್ಲಿ ಬಟಾಲಿಕ್ ಕಡೆ ಬ್ರಿಗೇಡ್ ನಡೆಸಿದ ಬ್ರಿಗೇಡಿಯರ್ ದೇವಿಂದರ್ ಸಿಂಗ್ ಕೊನೆಗೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೇ ಹೋಗಬೇಕಾಯಿತು. ಮೇಲಿನವರು ಬರೆದ ಯುದ್ಧದ ವರದಿಯಲ್ಲಿ ಪಕ್ಷಪಾತ ಇದೆ, ತಿದ್ದಿ ಅಂತ 2010ರಲ್ಲಿ ಮಂಡಳಿ ಹೇಳಿತು. ಯುದ್ಧ ಮುಗಿದು ಹನ್ನೊಂದು ವರ್ಷ. ಬ್ರಿಗೇಡಿಯರ್ ಗತಿಯೇ ಇದಾದರೆ ನಾಯಕನ ಗತಿ ಹೇಳುವುದೇ ಬೇಡ. ಅಧಿಕಾರಿಗಳ ಪ್ರಮೋಷನ್ ಬೋರ್ಡಿನಲ್ಲಿ ಶೌರ್ಯ ಪದಕಕ್ಕೆ ಅಂಕ ಉಂಟು. ಅಂಕ ಬಂದ ಕಡೆ ಒತ್ತಡವೂ ಬರುತ್ತದೆ. ಇದನ್ನು ಸರ್ವಿಸಿನಲ್ಲಿ ಇದ್ದಾಗ ನಾನು ಬಾಯಿಬಿಟ್ಟು ಹೇಳಿದವನಲ್ಲ.

ಪಡುಬಿದ್ರಿ ತಂಬಿ

ಬದುಕಿದ್ದವರನ್ನೇ ಸತ್ತರು ಅಂತ ಬರೆದದ್ದೂ ಉಂಟಲ್ಲ ಸರ್. ಕಾರ್ಗಿಲ್ ಯುದ್ಧದಲ್ಲಿ ಟೈಗರ್ ಹಿಲ್ಲಿನ ಯೋಗೇಂದ್ರ ಸಿಂಗ್ ಯಾದವ್. 19 ವರ್ಷದ ಹುಡುಗ. ಪರಮವೀರ ಚಕ್ರ ಮೊದಲು ಮರಣೋತ್ತರ ಅಂತ ಹೇಳಿಬಿಟ್ಟಿದ್ದರು. ಇವರು ಆಸ್ಪತ್ರೆಯಲ್ಲಿ ಮಲಗಿದ್ದಾರೆ, ತೀರಿಹೋದವರು ಅದೇ ಹೆಸರಿನ ಇನ್ನೊಬ್ಬರು! ಊಟದ ಬಗ್ಗೆ ಇನ್ನೂ ಉತ್ತರ ಬಂದಿಲ್ಲ.

ಮಣಿಪಾಲ ಎಚ್ಆರ್

ನನ್ನ ಶೀಟ್ ವಾಪಸ್ ತಗೊಂಡೆ. ಆದರೆ ಒಂದು ಮಾತು. ಕಂಪನಿಯಲ್ಲೂ ಹೀಗೇ. ತನ್ನ ಬಗ್ಗೆ ತಾನೇ ಚೆನ್ನಾಗಿ ಬರೆದುಕೊಳ್ಳುವವನಿಗೆ ಐದಕ್ಕೆ ಐದು, ತಲೆ ತಗ್ಗಿಸಿ ದುಡಿಯುವವನು "ಮಾಡಿದ್ದೇನೆ ಸರ್" ಅಂತ ಒಂದು ಸಾಲು ಬರೆದು ಮೂರಕ್ಕೆ ನಿಲ್ಲುತ್ತಾನೆ. ಒಂದು ವರ್ಷ ನಾವು ಉಲ್ಟಾ ಮಾಡಿದೆವು. ಯಾರೂ ತನ್ನ ಬಗ್ಗೆ ಬರೆಯುವ ಹಾಗಿಲ್ಲ, ಜೊತೆಯಲ್ಲಿ ಕೆಲಸ ಮಾಡಿದ ಇನ್ನೊಬ್ಬರ ಬಗ್ಗೆ ಅರ್ಧ ಪುಟ. ವಿಶೇಷಣ ಹಾಕಬಾರದು, ನೋಡಿದ್ದು ಮಾತ್ರ. ಅದುವರೆಗೆ ಮ್ಯಾನೇಜರಿಗೆ ಹೆಸರೇ ಗೊತ್ತಿಲ್ಲದ ಮೂವರು ಮೇಲೆ ಬಂದರು.

ಕಟಪಾಡಿ ಸಿಗ್ನಲ್ಸ್

ಇದು ಆಗಬಹುದು ಅಂತ ಕಾಣುತ್ತದೆ. ಆದರೆ ಶಾಲು ಐದೇ.

ಸುರತ್ಕಲ್ ನೇವಿ

ಶಾಲು ಬಿಡಿ ಮಾರಾಯ್ರೆ. ನಿಮ್ಮ ಕಪಾಟಿನಲ್ಲಿ ಒಂದು, ನನ್ನ ಕಪಾಟಿನಲ್ಲಿ ಮೂರು, ಎಲ್ಲ ಪ್ಲಾಸ್ಟಿಕ್ಕಿನಲ್ಲೇ. ಸೆಕೆಗೆ ಮಂಗಳೂರಿನಲ್ಲಿ ಶಾಲು ಹೊದೆಯುವವರು ಯಾರು? ದಾನಿಗಳ ದುಡ್ಡಿನಲ್ಲಿ ನಲವತ್ತೂ ಜನರಿಗೆ ಊಟ ಹಾಕಿ. ವೇದಿಕೆಯಲ್ಲಿ ಆ ಅರ್ಧ ಪುಟಗಳನ್ನು ಓದಿ. ಯಾರ ಬಗ್ಗೆ ಬರೆದಿದೆಯೋ ಅವರು ಎದ್ದು ನಿಂತರೆ ಸಾಕು.

ಪಡುಬಿದ್ರಿ ತಂಬಿ

ಕೋರಿ ರೊಟ್ಟಿ ಆದರೆ ನನ್ನ ವೋಟು ಇದಕ್ಕೆ.

ನಿವೃತ್ತ ಮೇಜರ್, ಬಿಜೈ

ಒಂದು ಷರತ್ತು. ಬರೆದದ್ದಕ್ಕೆ ಜೊತೆಗಿದ್ದ ಇನ್ನೊಬ್ಬರ ಸಾಕ್ಷಿ ಬೇಕು. ಇಲ್ಲದಿದ್ದರೆ ನಮ್ಮಲ್ಲೂ ಕೆಚಪ್ ಬಾಟಲಿ ಹೊರಗೆ ಬರುತ್ತದೆ.

ಕುಂದಾಪ್ರದ ಮನೆಯವಳು

ಹೆಂಡತಿ ಸಾಕ್ಷಿ ಆಗಬಹುದಾ?

ನಿವೃತ್ತ ಮೇಜರ್, ಬಿಜೈ

ಸೇತುವೆಯ ನೀರಲ್ಲಿ ನೀವೂ ನಿಂತಿದ್ದರೆ ಆಗಬಹುದು ಅಮ್ಮ. ಅವರ ಯೂನಿಟ್ಟಿನವರು ಇಬ್ಬರು ಬ್ರಹ್ಮಾವರದಲ್ಲಿ ಇದ್ದಾರಂತೆ, ನಾನು ಮಾತಾಡುತ್ತೇನೆ.

ಕಾರ್ಕಳ ಗುಮಾಸ್ತ

ಬರೆಯಲು ಬಾರದವರಿಗೆ ನಾನು ಬರೆದು ಕೊಡ್ತೇನೆ. ಫೋನಿನಲ್ಲಿ ಆಗುವುದಿಲ್ಲ, ಎದುರು ಕೂರಬೇಕು. ನಿನ್ನೆ ಆ ಡ್ರೈವರ್ ಅಣ್ಣನ ಮನೆಗೆ ಹೋಗಿದ್ದೆ, ಶಿರ್ವದ ಹತ್ತಿರ. ಅವರ ಜೊತೆ ಅದೇ ಕಾನ್ವಾಯಿಯಲ್ಲಿ ಇದ್ದ ಹೆಬ್ರಿಯವರೊಬ್ಬರನ್ನೂ ಕರೆದುಕೊಂಡು ಹೋದೆ. ಶುರುವಿನಲ್ಲಿ ಅದೇ ಕಥೆ. "ಲಾರಿ ಓಡಿಸಿದೆ, ಮತ್ತೆಂತ ಉಂಟು?" ಅಂದರು. ಮೂರು ಗಂಟೆ ಕೂತೆ. ಎರಡು ಸಲ ಚಹಾ, ಒಂದು ಸಲ ಹಲಸಿನ ಹಣ್ಣು. ಈ ಸಲ ಪ್ರಶ್ನೆ ಬಿಡಲಿಲ್ಲ ನಾನು. ಬರೆದದ್ದು ಇದು:

"1999ರ ಜೂನ್. ಸೋನಾಮಾರ್ಗ್‌ನಿಂದ ಜೋಜಿಲಾ ದಾಟಿ ದ್ರಾಸ್ ಕಡೆಗೆ ಮೂರು ಟನ್ನಿನ ಲಾರಿ. ಒಳಗೆ ತೋಪಿನ ಶೆಲ್ಲುಗಳು, ಒಂದೊಂದು 40 ಕಿಲೋ ಮೇಲೆ. ತೊಲೊಲಿಂಗ್ ಗುಡ್ಡದ ಮೇಲಿಂದ ರಸ್ತೆ ಕಾಣುತ್ತಿದ್ದ ಕಾರಣ ಲೈಟ್ ಹಾಕುವ ಹಾಗಿಲ್ಲ. ಜೊತೆಗಾರ ಮುಂದೆ ನಡೆಯುತ್ತಿದ್ದ, ಬೆನ್ನಿಗೆ ಬಿಳಿ ಬನಿಯನ್ ಕಟ್ಟಿಕೊಂಡು. ಇವರು ಆ ಬಿಳಿ ನೋಡಿ ಸ್ಟೀರಿಂಗ್ ತಿರುಗಿಸುತ್ತಿದ್ದರು. ಒಂದು ರಾತ್ರಿ ಶೆಲ್ ಹತ್ತಿರ ಬಿದ್ದು ಚೂರು ಹೊಕ್ಕು ಹಿಂದಿನ ಟಯರ್ ಹೋಯಿತು. ಹಿಂದೆ ಹನ್ನೊಂದು ಲಾರಿ ನಿಂತವು. ಇಳಿದು ಓಡಿ ಅಂತ ಹೇಳಿದವರು ಇದ್ದರು. ಇವರು ಜಾಕ್ ಇಟ್ಟು ಕತ್ತಲಲ್ಲೇ ಟಯರ್ ಬದಲಿಸಿದರು. ನಟ್ಟು ಕಳೆದುಹೋಗಬಾರದು ಅಂತ ಬಾಯಲ್ಲಿ ಹಿಡಿದುಕೊಂಡಿದ್ದರು. ನಲವತ್ತು ನಿಮಿಷ. ಹನ್ನೆರಡೂ ಲಾರಿ ಬೆಳಕು ಹರಿಯುವ ಮೊದಲು ತಲುಪಿದವು."

ಕಟಪಾಡಿ ಸಿಗ್ನಲ್ಸ್

ಇದನ್ನು ಇವತ್ತು ಸಂಜೆ ಅವರಿಗೆ ಫೋನಿನಲ್ಲಿ ಓದಿ ಹೇಳಿದೆ. ಸುಮಾರು ಹೊತ್ತು ಮಾತಿಲ್ಲ. ಲೈನ್ ಕಟ್ ಆಯಿತಾ ಅಂತ ನೋಡಿದೆ. ಆಮೇಲೆ ಹೇಳಿದರು, "ಎಲ್ಲ ಸರಿ ಉಂಟು. ಟಯರ್ ಹಿಂದಿನದ್ದಲ್ಲ. ಮುಂದಿನದ್ದು, ಎಡಗಡೆ."

ಕಾರ್ಕಳ ಗುಮಾಸ್ತ

ತಿದ್ದಿದ್ದೇನೆ.